ಮಂಕಾದ ಹಸಿರು ಬಳೆ

ಚೀನಾದ ಸಿಹುಯಿ ಪಟ್ಟಣದ ನಮ್ಮ ಬೀದಿಯಲ್ಲಿ ಮನೆಗೊಬ್ಬರು ಜೇಡ್ ಎಂಬ ಹಸಿರು ಕಲ್ಲು ಕೆತ್ತುತ್ತಾರೆ. ನಾನು ಅದೇ ಕಲ್ಲಿನ ವಿಜ್ಞಾನವನ್ನು ಕಾಲೇಜಿನಲ್ಲಿ ಕಲಿಸುತ್ತೇನೆ. ಅಂದು ಪಕ್ಕದ ಮನೆಯ ಫುಂಗ್‌ಮೇಯ್ ಚಳಿಗಾಲದ ಹಬ್ಬಕ್ಕೆ ಅಕ್ಕಿಹಿಟ್ಟಿನ ಉಂಡೆ ಕಟ್ಟುತ್ತಿದ್ದರು. ಸೊಸೆ ವಾಯ್‌ಸಾನ್ ಮಾತ್ರ ಬಾಗಿಲ ಬಳಿ ಸುಮ್ಮನೆ ಕೂತಿದ್ದಳು. ಅಪಶಕುನದವಳೆಂದು ಹಬ್ಬದ ಹಿಟ್ಟನ್ನು ಅವಳು ಮುಟ್ಟುವಂತಿರಲಿಲ್ಲ.

ಮದುವೆಯ ದಿನ ಅತ್ತೆ ತಮ್ಮ ಕೈಯ ಜೇಡ್ ಬಳೆಯನ್ನು ತೆಗೆದು ಅವಳಿಗೆ ತೊಡಿಸಿದ್ದರು. ಒಳ್ಳೆಯ ಹೆಣ್ಣಿನ ಮೈಶಾಖಕ್ಕೆ ಜೇಡ್ ಹೊಳೆಯುತ್ತದೆ, ಕಾಲ್ಗುಣ ಸರಿಯಿಲ್ಲದವಳ ಕೈಯಲ್ಲಿ ಮಂಕಾಗುತ್ತದೆ ಎಂದು ನಮ್ಮವರ ನಂಬಿಕೆ. ಬಳೆ ಮಂಕಾಗುತ್ತಲೇ ಬಂತು. ಈ ನಡುವೆ ವಾಯ್‌ಸಾನ್‌ಗೆ ಎರಡು ಸಲ ಗರ್ಭ ನಿಲ್ಲಲಿಲ್ಲ. ಅವಳನ್ನು ಯಾರೂ ಡಾಕ್ಟರ ಹತ್ತಿರ ಕರೆದೊಯ್ಯಲಿಲ್ಲ, ಎಲ್ಲರೂ ಬಳೆಯನ್ನೇ ನೋಡಿದರು. ಹಬ್ಬ ಮುಗಿದೊಡನೆ ತವರಿಗೆ ಕಳಿಸಿಬಿಡುವುದೆಂದು ತೀರ್ಮಾನವೂ ಆಗಿತ್ತು. ನನಗೆ ಮೈಯುರಿಯಿತು.

“ಡಾಕ್ಟರಿಗೆ ತೋರಿಸಿ ಅಕ್ಕ,” ಎಂದೆ.

“ಡಾಕ್ಟರು ಹೊಟ್ಟೆ ನೋಡ್ತಾರೆ, ಹಣೆಬರಹ ನೋಡ್ತಾರಾ? ಅದನ್ನ ಕಲ್ಲೇ ಹೇಳ್ತಿದೆಯಲ್ಲ.”

“ಹಾಗಾದ್ರೆ ಕಲ್ಲನ್ನೇ ಕೇಳೋಣ ಬನ್ನಿ. ಕಾಲೇಜಲ್ಲಿ ಅದಕ್ಕೆ ಯಂತ್ರ ಇದೆ.”

“ಓಹೋ, ನಮ್ಮನೆ ಕಲ್ಲು ನಿನ್ನ ಯಂತ್ರದ ಕೈಲಿ ಪಾಠ ಹೇಳಿಸ್ಕೋಬೇಕಾ?” ಎಂದು ಮೂಗು ಮುರಿದರು. ಆದರೂ ನನ್ನ ಬಾಯಿ ಮುಚ್ಚಿಸುವ ಹಟದಿಂದಲೇ ಸೊಸೆಯನ್ನು ಕರೆದುಕೊಂಡು ಬಂದರು.

ಸೋಪಿನ ನೊರೆ ಹಚ್ಚಿ ಬಳೆ ಬಿಡಿಸಿದೆವು. ಮೊದಲು ನಾನು ಅಪ್ಪಟ ಜೇಡ್‌ನ ಚೂರೊಂದನ್ನು ಸೂಕ್ಷ್ಮದರ್ಶಕದಡಿ ಇಟ್ಟು ಇಬ್ಬರಿಗೂ ತೋರಿಸಿದೆ. ಕಲ್ಲಿನ ನಡುವೆಯೇ ಮುದುಕಿಯಾದ ಫುಂಗ್‌ಮೇಯ್ ಉಸಿರು ಬಿಗಿಹಿಡಿದು ನಿಂತುಬಿಟ್ಟರು. ಒಳಗೆ ಹರಳಿಗೆ ಹರಳು ಬೆರಳು ಹೆಣೆದಂತೆ ಕೂಡಿಕೊಂಡು, ಹಸಿರಿನೊಳಗೆ ಹಸಿರು ಇಳಿಯುತ್ತ ಹೋಗುತ್ತದೆ. ಮನುಷ್ಯ ಹುಟ್ಟುವುದಕ್ಕೆ ಎಷ್ಟೋ ಮೊದಲೇ, ಭೂಮಿಯ ಆಳದಲ್ಲಿ ಯಾರೂ ನೋಡದಿರುವಾಗ ಆದದ್ದು ಅದು. ಎಷ್ಟು ಸಲ ನೋಡಿದರೂ ನನಗೆ ಕೈ ಮುಗಿಯಬೇಕೆನಿಸುತ್ತದೆ.

“ಇಷ್ಟೆಲ್ಲ ಇದರೊಳಗಿತ್ತಾ,” ಎಂದರು ಮೆಲ್ಲಗೆ.

ಆಮೇಲೆ ಬಳೆ ಇಟ್ಟೆ. ಅದರ ಮೈತುಂಬ ಒಣಗಿದ ಕೆರೆಯಂಗಳದಂಥ ಬಿರುಕು. ಬಿರುಕಿನಲ್ಲಿ ತುಂಬಿರುವುದು ಅಂಟು ಎಂದು ಇನ್ನೊಂದು ಯಂತ್ರ ಹೇಳಿತು.

“ಕೀಳು ಕಲ್ಲು ಹೊಳೀಲಿ ಅಂತ ಮಾರೋ ಮುಂಚೆನೇ ಆಸಿಡ್‌ನಲ್ಲಿ ನೆನೆಸಿ ಅಂಟು ತುಂಬಿಸಿದಾರೆ ಅಕ್ಕ. ಅಂಟು ಹಳೇದಾದ್ರೆ ಮಂಕಾಗುತ್ತೆ. ನಿಮ್ಮ ಕೈಯಲ್ಲೇ ಇದ್ದಿದ್ರೂ ಹೀಗೇ ಆಗ್ತಿತ್ತು.”

ಫುಂಗ್‌ಮೇಯ್ ಮತ್ತೆ ಮತ್ತೆ ಬಗ್ಗಿ ಬಿರುಕು ನೋಡಿದರು. ಕೊನೆಗೆ ಸೊಸೆಯ ಕೈ ಹಿಡಿದುಕೊಂಡರು.

“ನನ್ನದೇ ತಪ್ಪಾಯ್ತು ಮಗಳೇ. ಅಪ್ಪಟದ್ದು ತಂದು, ಇಲ್ಲೇ ಪರೀಕ್ಷೆ ಮಾಡಿಸಿ ತೊಡಿಸ್ತೀನಿ. ಅದು ಹೊಳೆದೇ ಹೊಳೆಯುತ್ತೆ ನೋಡು.”

ಗೆದ್ದೆವೆಂದು ನಾನು ನಕ್ಕೆ. ವಾಯ್‌ಸಾನ್ ನಗಲಿಲ್ಲ. ಕೈ ಬಿಡಿಸಿಕೊಂಡಳು.

“ಅಪ್ಪಟದ್ದೂ ಬೇಡ ಅತ್ತೆ. ಒಳಗೆ ಅಷ್ಟೆಲ್ಲ ಇರೋ ಕಲ್ಲಿಗೆ ನನ್ನ ಹೊಟ್ಟೆ ವಿಷಯ ಯಾಕೆ? ಇನ್ನೊಂದು ಸಲ ಗರ್ಭ ಹೋದ್ರೆ, ಆಗಲೂ ಬಳೆ ನೋಡ್ತೀರೋ, ನನ್ನ ನೋಡ್ತೀರೋ?”

ಅವಳು ನನ್ನತ್ತ ತಿರುಗಿದಳು.

“ಆಸ್ಪತ್ರೆ ಎಷ್ಟೊತ್ತಿನ ತನಕ ತೆಗೆದಿರುತ್ತೆ ಟೀಚರ್?” ಎಂದಳು.

“ಐದರ ತನಕ.”

ಅವಳು ಬರಿಗೈಯಲ್ಲಿ ಹೊರಟೇಬಿಟ್ಟಳು. ಫುಂಗ್‌ಮೇಯ್ ಬಳೆಯನ್ನು ಮೇಜಿನ ಮೇಲೇ ಬಿಟ್ಟು, “ನಿಲ್ಲೇ, ನಾನೂ ಬರ್ತೀನಿ,” ಎನ್ನುತ್ತ ಅವಳ ಹಿಂದೆ ಹೋದರು.