ಮೆಟ್ಟಿಲಿಲ್ಲದ ಊರು

ಆ ಕಚೇರಿಯಲ್ಲಿ ಅವಳನ್ನು ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಗಾರೆ ಮುಟ್ಟಿದವಳಲ್ಲ, ಇಟ್ಟಿಗೆ ಹೊತ್ತವಳಲ್ಲ. ಆದರೂ ಒಂದು ಇಡೀ ಊರು ಕಟ್ಟಿದವಳು. ಮಿಂಚುಳ್ಳಿ ಎಂಬ ಹಾರುವ ವೀರನ ಗೇಮಿಗಾಗಿ ಮೂರು ವರ್ಷ ಕಂಪ್ಯೂಟರಿನ ಮುಂದೆ ಕೂತು ಬೀದಿ ಬೀದಿಯಾಗಿ ಎಬ್ಬಿಸಿದ್ದಳು. ಆಡುವವರು ಆ ಊರಿನಲ್ಲಿ ಎಲ್ಲಿಗೆ ಬೇಕಾದರೂ ಹಾರಬಹುದು, ಯಾರ ಮಾಳಿಗೆಯ ಮೇಲೆ ಬೇಕಾದರೂ ಇಳಿಯಬಹುದು. ಗೇಮ್ ಮನೆಮಾತಾಗಿತ್ತು.

ಈಗ ಆ ಊರಿನ ಒಂದೇ ಒಂದು ಬಡಾವಣೆಯನ್ನು ಇಟ್ಟುಕೊಂಡು, ಮಿಂಚುಳ್ಳಿಯ ತಂಗಿಯ ಕಥೆಯನ್ನು ಪುಟ್ಟದೊಂದು ಬೇರೆ ಗೇಮಾಗಿ ಮಾಡಿದ್ದರು. ದೊಡ್ಡದನ್ನು ಆಡದವರೂ ಆಡಬಹುದಾದ, ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕಥೆ. ಅದನ್ನು ಹೆಣೆದವಳೂ ಮೇಸ್ತ್ರಿಯೇ. ಕೊನೆಯಲ್ಲಿ ತಂಗಿ ಆರು ಮಹಡಿಯ ಮಾಳಿಗೆಗೆ ಹಾರಿ, ಮುದುಕನೊಬ್ಬನ ಮೇಲೆ ಬೀಳುತ್ತಿದ್ದ ನೀರಿನ ಟ್ಯಾಂಕನ್ನು ತಡೆಯುತ್ತಾಳೆ. ಅಷ್ಟಕ್ಕೆ ಅವಳ ಶಕ್ತಿಯೆಲ್ಲ ಬತ್ತಿಹೋಗುತ್ತದೆ. ಇನ್ನು ಮುದುಕನನ್ನು ಬೆನ್ನ ಮೇಲೆ ಹೊತ್ತು, ಎಲ್ಲರಂತೆ ಕೆಳಗಿಳಿಯಬೇಕು.

ಅಂದು ಸಂಜೆ ಆರರೊಳಗೆ ಗೇಮನ್ನು ಒಪ್ಪಿಸಬೇಕಿತ್ತು. ತಪ್ಪಿದರೆ ಅದನ್ನು ಶಾಶ್ವತವಾಗಿ ಮೂಲೆಗೆ ಹಾಕುವುದೆಂದು ಮೇಲಿನವರು ಖಡಾಖಂಡಿತವಾಗಿ ಹೇಳಿದ್ದರು. ಒಪ್ಪಿಸುವ ಮೊದಲು ಒಂದು ನಿಯಮವಿತ್ತು: ಕೊನೆಯ ಭಾಗವನ್ನು ಹೊರಗಿನವರೊಬ್ಬರು ಆಡಿ ಮುಗಿಸಬೇಕು. ಒಳಗಿನವರು ತುಟಿ ಬಿಚ್ಚುವಂತಿಲ್ಲ, ಬೆರಳು ತೋರಿಸುವಂತಿಲ್ಲ. ಬರಬೇಕಾಗಿದ್ದ ಆಟಗಾರ ಜ್ವರವೆಂದು ಮಲಗಿಬಿಟ್ಟಿದ್ದ.

ಎರಡು ಗಂಟೆಯ ಹೊತ್ತಿಗೆ ಮೇಸ್ತ್ರಿಯ ಅತ್ತೆ ಬಂದರು. ಸೊಸೆ ಮರೆತುಬಂದ ಮನೆಯ ಕೀಲಿಯನ್ನು ಕೊಟ್ಟು ಹೋಗಲು ಬಂದವರು. ಅವರನ್ನು ಕಂಡದ್ದೇ ತಡ, ಗೇಮಿನ ಕೋಡನ್ನೆಲ್ಲ ಬರೆಯುವ, ಎಲ್ಲರೂ ನಿಧಾನಪ್ಪ ಎಂದು ಕರೆಯುವ ಹುಡುಗ ಎದ್ದು ಕುರ್ಚಿ ಎಳೆದ.

"ಅಮ್ಮಾ, ಒಂದು ಉಪಕಾರ. ನೀವೇ ಆಡಿಬಿಡಿ."

"ನಂಗೇನಪ್ಪ ಬರುತ್ತೆ ಇದೆಲ್ಲ? ಟೀವಿ ಹಚ್ಚೋಕೇ ಮೊಮ್ಮಗಳನ್ನ ಕೇಳೋಳು ನಾನು."

"ಅದಕ್ಕೇ ನೀವೇ ಬೇಕು."

ಅತ್ತೆ ಕನ್ನಡಕ ಒರೆಸಿಕೊಂಡು ಕೂತರು. ಯಾವ ಬಟನ್ ಒತ್ತಿದರೆ ಏನಾಗುತ್ತದೆಂದು ಕಲಿಯಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ತಂಗಿಯನ್ನು ಹಾರಿಸಿದರು, ಎರಡು ಸಲ ಗೋಡೆಗೆ ಗುದ್ದಿಸಿ "ತಪ್ಪಾಯ್ತು ಮಗಳೇ" ಎಂದರು, ಟ್ಯಾಂಕನ್ನು ತಡೆದರು, ಮುದುಕನನ್ನು ಬೆನ್ನಿಗೇರಿಸಿಕೊಂಡರು. ಅಲ್ಲಿಗೆ ನಿಂತರು.

ಮಾಳಿಗೆಯನ್ನು ಒಂದು ಸುತ್ತು ಹಾಕಿದರು. ಇನ್ನೊಂದು ಸುತ್ತು.

"ಮೆಟ್ಟಿಲೆಲ್ಲೇ?" ಎಂದರು.

ಮೇಸ್ತ್ರಿ ನಗಲು ಹೋದವಳು ಹಾಗೇ ಕಲ್ಲಾದಳು. ಆ ಕಟ್ಟಡಕ್ಕೆ ಮೆಟ್ಟಿಲಿರಲಿಲ್ಲ. ಪಕ್ಕದ್ದಕ್ಕೂ ಇರಲಿಲ್ಲ. ಇಡೀ ಊರಿನಲ್ಲಿ ಒಂದೇ ಒಂದು ಮೆಟ್ಟಿಲಿರಲಿಲ್ಲ. ಹಾರುವವನಿಗಾಗಿ ಕಟ್ಟಿದ ಊರು. ಬಾಗಿಲುಗಳೂ ಗೋಡೆಯ ಮೇಲೆ ಬರೆದ ಚಿತ್ರಗಳೇ. ಮೇಲಿನಿಂದ ನೋಡುತ್ತ ಲೋಕ ಕಟ್ಟಿದವಳಿಗೆ ನಡೆಯುವವರ ಪಾದ ನೆನಪಾಗಿರಲಿಲ್ಲ.

"ಇಷ್ಟು ದಿನ ಆಡಿದವರು ಹೇಗೆ ಇಳಿದ್ರು?" ಎಂದು ಪಿಸುಗುಟ್ಟಿದಳು.

ನಿಧಾನಪ್ಪನ ಮುಖ ಬಿಳಿಚಿಕೊಂಡಿತ್ತು. "ಎಲ್ಲ ದೊಡ್ಡ ಗೇಮ್ ಆಡಿದೋರೇ ಅಲ್ವಾ ಅಕ್ಕ. ಅಭ್ಯಾಸಬಲ, ಸುಮ್ಮನೆ ಕೆಳಕ್ಕೆ ಹಾರಿಬಿಡ್ತಿದ್ರು. ಬಿದ್ರೂ ಏನೂ ಆಗ್ತಿರಲಿಲ್ಲ, ಹಳೇ ಗೇಮಿಂದ ಉಳಿದಿದ್ದ ತಪ್ಪು ಅದು. ನಿನ್ನೆ ನಾನದನ್ನ ಸರಿಮಾಡಿದೆ."

"ಈಗ ಹಾರಿದ್ರೆ?"

"ಇಬ್ರೂ ಸಾಯ್ತಾರೆ."

ಅತ್ತೆಯ ಕಿವಿ ಚುರುಕು. "ಬೆನ್ನ ಮೇಲೆ ಮುದುಕಪ್ಪನ್ನ ಇಟ್ಕೊಂಡು ಆರು ಮಹಡಿಯಿಂದ ಹಾರೋದಾ? ಯಾವ ಮನೆ ಬುದ್ಧಿ ಇದು?"

ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಒಳಗೊಂದು ಮೆಟ್ಟಿಲಸಾಲು ಎಬ್ಬಿಸಬೇಕೆಂದರೆ ಬಾಗಿಲು ಕೊರೆಯಬೇಕು, ಕೋಣೆ ಮಾಡಬೇಕು, ಬೆಳಕು ಕೊಡಬೇಕು. ಮೂರು ದಿನದ ಕೆಲಸ. ಹಳೆಯ ತಪ್ಪನ್ನು ಮತ್ತೆ ತಂದಿಡೋಣವೇ ಎಂದ ನಿಧಾನಪ್ಪ. ಹಾಗೆ ಮಾಡಿದರೆ ಶಕ್ತಿ ಕಳೆದುಕೊಂಡವಳ ಕಥೆಯೇ ಸುಳ್ಳಾಗುತ್ತದೆ. ಮೇಸ್ತ್ರಿ ಕಣ್ಣು ಮುಚ್ಚಿ, ಭಗವಂತ, ನನ್ನ ಕೈಯಲ್ಲಿ ಇನ್ನೇನೂ ಇಲ್ಲ ಎಂದು ಒಳಗೇ ಕೈಮುಗಿದಳು.

"ಅಲ್ಲ ಕಣೇ," ಎಂದರು ಅತ್ತೆ, ಪರದೆಯನ್ನೇ ನೋಡುತ್ತ, "ಗೋಡೆಗೆ ಇಷ್ಟು ಚೆನ್ನಾಗಿ ಬಣ್ಣ ಹೊಡೆಸಿದ್ದೀಯ. ಮೆಟ್ಟಿಲಿಲ್ದೆ ಬಣ್ಣದೋರು ಹೇಗೆ ಹತ್ತಿದ್ರು?"

ಮೇಸ್ತ್ರಿ ಕಣ್ಣು ತೆರೆದಳು. "ಸಾರುವೆ," ಎಂದಳು.

ದೊಡ್ಡ ಗೇಮಿನಲ್ಲಿ, ಸಂತೆಬೀದಿಯ ಮೂಲೆಯಲ್ಲಿ, ಖಳನೊಬ್ಬ ಕೆಡವಲೆಂದೇ ಅವಳೊಂದು ಸಾರುವೆ ಕಟ್ಟಿದ್ದಳು. ಬಣ್ಣ ಬಳಿಯುವವರು ನಿಲ್ಲುವ ಕಂಬ, ಅಡ್ಡಹಲಗೆಗಳ ಗೂಡು. ಅದನ್ನು ಅಲ್ಲಿಂದ ಕಿತ್ತು ತಂದು ಈ ಕಟ್ಟಡದ ಹಿಂಬದಿಗೆ ಒರಗಿಸಿದಳು. ಒಂದು ಅಂತಸ್ತಿನಿಂದ ಇನ್ನೊಂದಕ್ಕೆ ಇಳಿಜಾರು ಹಲಗೆ ಜೋಡಿಸಿದಳು. ಕಾಲಿಟ್ಟರೆ ಹಲಗೆ ತಡೆಯುವಂತೆ ನಿಧಾನಪ್ಪ ಕೋಡ್ ಬರೆದ. ತನ್ನ ಹೆಸರನ್ನು ಅಂದು ಸುಳ್ಳು ಮಾಡಿದ.

ಐದಕ್ಕೆ ಕಾಲು ಗಂಟೆಯಿರುವಾಗ, ಅಷ್ಟು ಹೊತ್ತು ಹೊರಗೆ ಕಾದಿದ್ದ ಅತ್ತೆ ಮತ್ತೆ ಬಂದು ಕೂತರು. ಸಾರುವೆ ಯಾವ ಬದಿಗಿದೆಯೆಂದು ಅವರಿಗೆ ಹೇಳುವಂತಿರಲಿಲ್ಲ. ಮತ್ತೆ ಹಾರಿದರು, ಟ್ಯಾಂಕು ತಡೆದರು, ಮುದುಕನನ್ನು ಹೊತ್ತರು. ಮಾಳಿಗೆಯ ಮುಂಬದಿಯಲ್ಲಿ ಹುಡುಕಿದರು, ಎಡಕ್ಕೆ ಹೋದರು, ನಿಂತು ಬೆನ್ನು ನೀವಿಕೊಂಡರು. ಮೇಸ್ತ್ರಿ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು.

"ಹಾ, ಇಲ್ಲಿದೆ ನೋಡು," ಎಂದರು ಅತ್ತೆ.

ಒಂದೊಂದೇ ಹಲಗೆ ಇಳಿದರು. ಮೂರನೆಯ ಅಂತಸ್ತಿನಲ್ಲಿ ಹಲಗೆಗೂ ಕಂಬಕ್ಕೂ ನಡುವೆ ಒಂದು ಸಂದು ಉಳಿದಿತ್ತು. ಆತುರದಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಓಡುವವರಾಗಿದ್ದರೆ ಬಿದ್ದೇ ಬೀಳುತ್ತಿದ್ದರು. ನಿಧಾನಪ್ಪ ಬಾಯಿಗೆ ಕೈ ಅಡ್ಡ ಹಿಡಿದ. ಅತ್ತೆ ನಿಂತರು, ಬಗ್ಗಿ ನೋಡಿದರು, "ಯಾರೋ ಅರೆಮನಸ್ಸಿನ ಕೆಲಸಗಾರರು" ಎಂದು ಗೊಣಗಿ, ಗೋಡೆಯ ಅಂಚನ್ನೇ ಹಿಡಿದು ಬಳಸಿ ಬಂದರು.

ಐದೂ ಇಪ್ಪತ್ತಕ್ಕೆ ತಂಗಿಯ ಪಾದ ನೆಲ ಮುಟ್ಟಿತು. ಮುದುಕ ಬೆನ್ನಿನಿಂದಿಳಿದು ತಲೆಯಾಡಿಸಿದ. ಪರದೆಯ ಮೇಲೆ ಕಥೆ ಮುಗಿಯಿತೆಂಬ ಅಕ್ಷರ ಮೂಡಿತು. ಸಂದು ಮುಚ್ಚಿ, ಇನ್ನೊಮ್ಮೆ ಇಳಿದು ತೋರಿಸಿರೆಂದು ಅತ್ತೆಯನ್ನು ಬೇಡಿಕೊಂಡು, ಆರಕ್ಕೆ ಎಂಟು ನಿಮಿಷವಿರುವಾಗ ಗೇಮನ್ನು ಕಳಿಸಿದರು.

ತಲುಪಿತು, ಒಪ್ಪಿದ್ದೇವೆ ಎಂಬ ಉತ್ತರ ಬಂದಾಗ ಮೇಸ್ತ್ರಿ ನೆಲದ ಮೇಲೇ ಕೂತುಬಿಟ್ಟಳು.

"ಆಯ್ತು ಅತ್ತೆ. ಇನ್ನು ಸಾಕು, ಇಡಿ."

"ಇರೇ, ಬೀದಿ ಚೆನ್ನಾಗಿದೆ. ಒಂದು ಸುತ್ತು ಬರ್ತೀನಿ."

ಪರದೆಯ ಮೇಲೆ ಮಿಂಚುಳ್ಳಿಯ ತಂಗಿ ಕೈಬೀಸಿಕೊಂಡು ನಿಧಾನವಾಗಿ ನಡೆಯುತ್ತಿದ್ದಳು. ಮೇಸ್ತ್ರಿ ಅತ್ತೆಯ ಮಂಡಿಗೆ ತಲೆಯೊರಗಿಸಿ, ತಾನೇ ಕಟ್ಟಿದ ಊರನ್ನು ಮೊದಲ ಸಲ ನೆಲದ ಮೇಲಿಂದ ನೋಡಿದಳು.