ಮೊದಲ ಒಬ್ಬೆ

"ಸೀನಣ್ಣ, ನಿಮ್ಮ ಗಿರಾಕಿ ಬಂದ್ರು!" ಎಂದು ವೇಟರ್ ಪ್ರೀತಮ್ ಅಡುಗೆಮನೆಯ ಕಿಟಕಿಯಿಂದ ಕೂಗಿದಾಗ ಸೀನ ಗೋಳಿಬಜೆಯ ಮೊದಲ ಒಬ್ಬೆಯನ್ನು ಎಣ್ಣೆಗೆ ಬಿಡುತ್ತಿದ್ದ. ಗಿರಾಕಿ ಎಂದರೆ ಅವನ ಮಗಳು ಯಕ್ಷಿತಾ, ಐದನೇ ಕ್ಲಾಸಿನವಳು. ಅವಳಮ್ಮ ವಾರಿಜಾ ಪವಾಯಿಯ ದೊಡ್ಡ ಬಿಲ್ಡಿಂಗುಗಳಲ್ಲಿ ಅಡುಗೆಗೆ ಹೋಗುತ್ತಾಳೆ, ಬರುವುದು ಸಂಜೆಗೆ. ಅಲ್ಲಿಯ ತನಕ ಹುಡುಗಿ ಮುಂಬಯಿಯ ಘಾಟ್ಕೋಪರ್ ಸ್ಟೇಷನ್ನಿನ ಪಕ್ಕದ ಈ ಹೋಟೆಲಿನಲ್ಲಿ, ಕೈತೊಳೆಯುವ ಬೇಸಿನ್ನಿನ ಹತ್ತಿರದ ಮೂಲೆಯ ಟೇಬಲ್ಲಿನಲ್ಲಿ ಕೂತಿರಬೇಕು.

ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ ಅಡುಗೆಯವರಿಗೆ ಸಿಗುವ ಬಿಡುವು ಅದೊಂದೇ. ಉಳಿದವರೆಲ್ಲ ಅಟ್ಟ ಹತ್ತಿ ಗೊರಕೆ ಹೊಡೆಯುವಾಗ ಸೀನ ಮಾತ್ರ ಬಾಣಲೆಗೆ ಹೊಸ ಎಣ್ಣೆ ಸುರಿದು ಒಂದು ಒಬ್ಬೆ ಬಜೆ ತೆಗೆಯುತ್ತಿದ್ದ. ಹೊಸ ಎಣ್ಣೆಯ ಮೊದಲ ಒಬ್ಬೆ ಮಗಳಿಗೆ, ಆಮೇಲೆ ಊರಿಗೆ. ಮಾಲಕ ಶೆಟ್ಟರಿಗೂ ಇದು ಗೊತ್ತಿತ್ತು, ಗೊತ್ತಿಲ್ಲದವರ ಹಾಗೆ ಇದ್ದರು. ಬೆಳಗಿನ ಜಾವದಿಂದ ನಿಂತೇ ಇದ್ದ ಕಾಲುಗಳು ಆ ಹೊತ್ತಿಗೆ ಮರಗಟ್ಟಿರುತ್ತಿದ್ದವು. ಆದರೂ ತಟ್ಟೆ ಹಿಡಿದು ಮಗಳೆದುರು ಕೂತಾಗ ಅವನಿಗೆ ದಿನಕ್ಕೊಂದು ಅರ್ಥ ಬಂದ ಹಾಗೆ ಆಗುತ್ತಿತ್ತು.

"ಹೇಗುಂಟು?"

"ಅಚ್ಛಾ ಹೈ."

"ಇನ್ನು ನಾಲ್ಕು ತರ್ಲಾ?"

ಅವಳು ಹೂಂ ಎಂದು ತಲೆಯಾಡಿಸುತ್ತಿದ್ದಳು. ಅಪ್ಪ ಮಗಳ ಮಾತುಕತೆ ಅಷ್ಟೇ. ಅವನ ಹಿಂದಿ ಗಿರಾಕಿಗಳ ಆರ್ಡರಿಗೆ ಸಾಕಾಗುವಷ್ಟು, ಅವಳ ಕನ್ನಡ ಅಪ್ಪನ ಪ್ರಶ್ನೆ ಅರ್ಥವಾಗುವಷ್ಟು. ತಟ್ಟೆ ಖಾಲಿಯಾದ ಮೇಲೆ ಅವನು ಅಟ್ಟ ಹತ್ತಿ ಹೆಣದ ಹಾಗೆ ಬೀಳುತ್ತಿದ್ದ. ಬೆಳಿಗ್ಗೆ ಅವನು ಹೊರಡುವಾಗ ಅವಳು ಎದ್ದಿರುತ್ತಿರಲಿಲ್ಲ, ರಾತ್ರಿ ಬರುವಾಗ ಮಲಗಿರುತ್ತಿದ್ದಳು. ಮಗಳು ಕಣ್ಣು ಬಿಟ್ಟಿರುವುದನ್ನು ಅವನು ನೋಡುತ್ತಿದ್ದದ್ದು ಆ ತಟ್ಟೆಯ ಆಚೆಗೆ ಮಾತ್ರ.

ಸೀನ ಉಡುಪಿ ಕಡೆಯಿಂದ ಮುಂಬಯಿಗೆ ಬಂದದ್ದು ಮೀಸೆ ಮೂಡುವ ಮೊದಲೇ, ಪ್ಲೇಟು ತೊಳೆಯುವುದಕ್ಕೆ. ತಿಂಡಿಯ ರಾಶಿಯ ನಡುವೆ ನಿಂತು ಹಸಿದಿರುವುದು ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಮಗಳ ಕೆನ್ನೆ ಉಬ್ಬಿದಂತೆಲ್ಲ ಅವನು ಬೀಗಿದ. ಚಾಳಿನ ಹೆಂಗಸರು "ಏನು ತಿನ್ನಿಸ್ತೀರಿ ಮಾರಾಯ್ರೆ" ಎಂದರೆ, ಮಗುವಿಗೆ ದೃಷ್ಟಿ ತಾಗೀತೆಂದು ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿಸುತ್ತಿದ್ದ. ಶಾಲೆಗೆ ಬಂದ ಡಾಕ್ಟರು ಹುಡುಗಿಯ ಕತ್ತಿನ ಸುತ್ತ ಕಪ್ಪಗಾದದ್ದನ್ನು ನೋಡಿ ರಕ್ತ ಪರೀಕ್ಷೆ ಬರೆದುಕೊಟ್ಟಾಗಲೇ ಅವನ ಬೀಗು ಇಳಿದದ್ದು. ಲಿವರಿನಲ್ಲಿ ಕೊಬ್ಬು, ಸಕ್ಕರೆ ಕಾಯಿಲೆ ಬಾಗಿಲ ಹೊರಗೆ ನಿಂತಿದೆ, ಹೀಗೇ ಬಿಟ್ಟರೆ ಇಷ್ಟು ಸಣ್ಣ ಪ್ರಾಯಕ್ಕೇ ಮಾತ್ರೆ ಶುರು ಎಂದರು.

ಆಮೇಲೆ ದೊಡ್ಡ ಆಸ್ಪತ್ರೆಯೊಂದರ ಸಂಶೋಧನೆಯವರು ಬಂದರು. ಮಗುವಿಗೆ ಮಾತ್ರ ಪಥ್ಯ ಹೇಳಿದರೆ ಸಾಲದು, ಮನೆಮಂದಿಯೆಲ್ಲ ಬದಲಾದರೆ ತೂಕ ಇಳಿಯುತ್ತದೆಯೇ ಎಂದು ನೋಡುವ ಕೆಲಸ ಅವರದು. ವಾರಿಜಾ ಎಲ್ಲದಕ್ಕೂ ಹೂಂ ಅಂದಳು. ಸಕ್ಕರೆ ಡಬ್ಬ ಮೇಲಿನ ಕಪಾಟಿಗೆ ಹೋಯಿತು, ರಾತ್ರಿಯ ಅನ್ನ ಚಪಾತಿಯಾಯಿತು, ಕೆಲಸ ಮುಗಿಸಿ ಸುಸ್ತಾಗಿ ಬಂದವಳು ಮಗಳ ಕೈ ಹಿಡಿದು ಬೀದಿ ಸುತ್ತಿದಳು. ತೂಕ ಮಾತ್ರ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಅಪ್ಪನೂ ಬರಬೇಕೆಂದು ಆಸ್ಪತ್ರೆಯಿಂದ ಫೋನ್ ಬರುತ್ತಿತ್ತು. ಸೀನ ಹೋಗಲಿಲ್ಲ. ಹೋಟೆಲಿನಲ್ಲಿ ರಜೆ ಕೇಳುವುದಕ್ಕಿಂತ ಒಲೆಯೊಳಗೆ ಕೈ ಇಡುವುದು ಸುಲಭ.

ಅವನು ಬಾರದ್ದರಿಂದ ಆ ಮಧ್ಯಾಹ್ನ ಆಸ್ಪತ್ರೆ ಕಡೆಯವರೊಬ್ಬರು ತಾವೇ ಬಂದರು. ಹೆಗಲಲ್ಲಿ ಭಾರದ ಚೀಲ, ಬೆವರಿಗೆ ಅಂಟಿದ ಕುರ್ತಾ. ಯಕ್ಷಿತಾಳ ಪಕ್ಕದ ಕುರ್ಚಿ ಎಳೆದು ಕೂತ ಆ ಹೆಂಗಸು ಒಂದು ಲೋಟ ನೀರನ್ನು ಗಟಗಟ ಕುಡಿದು ಮುಗಿಸಿದರು.

"ನಮಸ್ಕಾರ್ರಿ. ಯಕ್ಷಿತಾನ ಪಪ್ಪಾ ನೀವೇ ಏನ್ರಿ? ನಾ ಶಿವಕುಮಾರಿ, ಆಸ್ಪತ್ರಿ ಸ್ಟಡಿ ಕಡಿಂದ ಬಂದೀನಿ. ಫೋನ್ ಮಾಡಿ ಮಾಡಿ ಸಾಕಾತು, ಅದಕ ನಾನೇ ಬಂದೆ."

"ಎಂತ ಮಾಡುದು ಮೇಡಂ, ಬಿಡುವೇ ಸಿಗುದಿಲ್ಲ."

"ನನಗೂ ಅಷ್ಟ ಅದರಿ. ಮುಂಜಾನಿಂದ ಭಾಂಡುಪ್ ಗುಡ್ಡಾ ಹತ್ತಿ ಇಳ್ಯಾಕತ್ತೀನಿ. ಒಂದೆರಡು ಮಾತು ಕೇಳಿ ಹೋಗ್ತೀನಿ. ಹುಡುಗಿ ಹೊರಗಿಂದು ಏನರೆ ತಿಂತಾಳೇನ್ರಿ?"

"ಛೆ ಛೆ! ಹೊರಗಿನದ್ದು ನಾವು ಮುಟ್ಲಿಕ್ಕೇ ಬಿಡುದಿಲ್ಲ. ವಡಾಪಾವ್, ಚೈನೀಸ್, ಎಂತದ್ದೂ ಇಲ್ಲ."

ಅವನು ಸುಳ್ಳು ಹೇಳಲಿಲ್ಲ. ಬಜೆಯ ತಟ್ಟೆ ಮೂವರ ನಡುವೆ ಬಿಸಿಬಿಸಿಯಾಗಿ ಹೊಗೆಯಾಡುತ್ತಿದ್ದರೂ ಅವನು ಎದೆಯುಬ್ಬಿಸಿಯೇ ಹೇಳಿದ್ದ. ಶಿವಕುಮಾರಿಯ ಕಣ್ಣು ತಟ್ಟೆಯ ಮೇಲೆ ಬಿದ್ದಾಗ ಅವನಿಗೆ ಅವರ ಅನುಮಾನವೇ ತಮಾಷೆಯಾಗಿ ಕಂಡಿತು.

"ಇದಾ? ಇದು ಹೊರಗಿನದ್ದಲ್ಲ ಮೇಡಂ, ನಾನೇ ಮಾಡಿದ್ದು. ಹೊಸ ಎಣ್ಣೆ ನೋಡಿ. ಗಿರಾಕಿಗೆ ಕೊಡುವ ಮಾಲನ್ನು ನನ್ನ ಮಗುವಿಗೆ ಕೊಡ್ತೇನಾ?"

"ದಿನಾ ಕೊಡ್ತೀರೇನ್ರಿ?"

"ದಿನಾ. ಆದಿತ್ಯವಾರ ಶಾಲೆ ಇಲ್ಲ, ಅದೊಂದು ದಿನ ಇಲ್ಲ."

ಶಿವಕುಮಾರಿ ಹಣೆ ಒತ್ತಿಕೊಂಡರು. "ನಿಮ್ಮ ಮನಿಯವ್ರಿಗೆ ಇದು ಗೊತ್ತದೇನ್ರಿ?"

"ಇಲ್ಲಿ ಕೂತಿರ್ತಾಳೆ ಅಂತ ಗೊತ್ತುಂಟು. ಚಾಯ್ ಕುಡೀತಾಳೆ ಅಂತ ಅಂದ್ಕೊಂಡಿರ್ಬೇಕು."

"ಹೋದ ವಾರ ಡಾಕ್ಟರು ಅವರ ಮ್ಯಾಲ ರೇಗಿದ್ರು. ನೀನೇ ಕದ್ದು ತಿನ್ನಸ್ತಿದ್ದಿ, ಇಲ್ಲಂದ್ರ ತೂಕ ಯಾಕ ಇಳಿಯಂಗಿಲ್ಲ ಅಂದ್ರು. ಪಾಪ, ಎಲ್ಲಾರ ಎದುರೇ ಅತ್ಬಿಟ್ರು. ಯಾವ ದೇವರ ಆಣೆ ಬೇಕಾದ್ರೂ ಹಾಕ್ತೀನಿ ಅಂದ್ರು."

ಸೀನನಿಗೆ ನೆನಪಾಯಿತು. ಹೋದ ವಾರ ಒಂದು ರಾತ್ರಿ ವಾರಿಜಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ತಲೆನೋವಿರಬೇಕೆಂದು ಅಂದುಕೊಂಡು ಅವನು ತನ್ನ ನಿದ್ದೆಗೆ ಹೋಗಿದ್ದ. ಅಷ್ಟಾದರೂ ಅವನ ಮನಸ್ಸು ಸೋಲಲು ಒಪ್ಪಲಿಲ್ಲ. ಮಗು ಆಸೆಪಟ್ಟು ತಿನ್ನುತ್ತದೆ, ಹಸಿದು ಬಂದ ಮಗುವನ್ನು ಯಾವ ಅಪ್ಪ ಖಾಲಿ ಟೇಬಲ್ಲಿನ ಮುಂದೆ ಕೂರಿಸುತ್ತಾನೆ?

"ಮಗುವಿಗೆ ಇದು ಇಷ್ಟ ಮೇಡಂ. ಕೇಳಿ ಕೇಳಿ ಹಾಕಿಸ್ಕೊಳ್ತದೆ. ಬೇಕಾದ್ರೆ ಅದನ್ನೇ ಕೇಳಿ."

ಶಿವಕುಮಾರಿ ಹುಡುಗಿಯ ಕಡೆ ತಿರುಗಿದರು. "ಹೌದೇನವ್ವಾ? ಸಾಲಿ ಬಿಟ್ಟ ಬರೋ ಹೊತ್ತಿಗೆ ಭಾಳ ಹಸಿವಾಗಿರ್ತದೇನು?"

ಯಕ್ಷಿತಾ ಅಪ್ಪನ ಮುಖ ನೋಡಿದಳು, ತಟ್ಟೆ ನೋಡಿದಳು. "ನಹೀ ಆಂಟಿ. ಡಬ್ಬಾ ತಿಂದಿರ್ತೇನೆ ಸ್ಕೂಲ್‌ನಲ್ಲಿ."

"ಮತ್ತ ಯಾಕ ತಿಂತಿ?"

ಹುಡುಗಿ ಬೆರಳಿಗಂಟಿದ ಎಣ್ಣೆಯನ್ನು ಯೂನಿಫಾರ್ಮಿಗೆ ಒರೆಸಿಕೊಂಡಳು. ಕನ್ನಡ ಹುಡುಕಿ ಹುಡುಕಿ ಹೇಳಿದಳು. "ಪ್ಲೇಟ್ ಖತಂ ಆದ್ರೆ ಪಪ್ಪ ಮೇಲೆ ಹೋಗ್ತಾರೆ. ಮಲಗ್ಲಿಕ್ಕೆ. ಔರ್ ಚಾಹಿಯೇ... ಇನ್ನು ಬೇಕು ಅಂದ್ರೆ ಇನ್ನೂ ಸ್ವಲ್ಪ ಕೂತ್ಕೊಳ್ತಾರೆ."

ಸೀನ ತಟ್ಟನೆ ಎದ್ದು ಅಡುಗೆಮನೆಗೆ ಹೋದ, ಏನೋ ಸೀಯುತ್ತಿದೆ ಎಂಬ ಹಾಗೆ. ಒಲೆ ಆರಿತ್ತು. ಆರಿದ ಒಲೆಯೆದುರು ನಿಂತು ಅವನು ಬಾಣಲೆಯಲ್ಲಿ ತೇಲುತ್ತಿದ್ದ ಚೂರುಗಳನ್ನು ಜಾಲರಿ ಸೌಟಿನಿಂದ ಎತ್ತಿ ಎತ್ತಿ ಹಾಕಿದ. ಅವನ ಬಜೆ ಚೆನ್ನಾಗಿತ್ತೋ ಇಲ್ಲವೋ, ಮಗುವಿಗೆ ಅದು ಬೇಕೇ ಇರಲಿಲ್ಲ.

ಹೊರಡುವಾಗ ಶಿವಕುಮಾರಿ ಕಿಟಕಿಯ ಹತ್ತಿರ ಬಂದರು. "ನಾ ನಿಮ್ಗ ಬೈಲಿಕ್ಕ ಬಂದಿಲ್ರಿ. ನಾಳಿಂದ ಪ್ಲೇಟ್ ಕೊಡಬ್ಯಾಡ್ರಿ, ಅಷ್ಟ. ಆಕಿನ್ನ ಕರ್ಕೊಂಡು ಹೊರಗ ಒಂದು ಸುತ್ತು ಹೋಗಿ ಬರ್ರಿ."

"ಹೋಗಿ ಎಂತ ಮಾಡುದು?" ಅದು ಜಗಳದ ಪ್ರಶ್ನೆಯಾಗಿರಲಿಲ್ಲ, ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ಆಟ ಆಡ್ರಿ, ನಡೀರಿ ಅಂತ ನಮಗ ಹೇಳಿ ಕಳಸ್ತಾರ. ದಿನಾ ನಿಂತು ದುಡಿಯೋರಿಗೆ ಅದನ್ನ ಹೆಂಗ ಹೇಳ್ಬೇಕು ಅಂತ ನನಗೂ ತಿಳಿಯಂಗಿಲ್ರಿ," ಎಂದು ಅವರು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ಹೋದರು.

ಸಂಜೆ ವಾರಿಜಾ ಬಂದಾಗ ಸೀನ ಅವಳನ್ನು ಹಿಂಬಾಗಿಲಿಗೆ ಕರೆದು ಎಲ್ಲ ಹೇಳಿದ. ಅವಳು ಕೂಗಾಡಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳಲ್ಲಿ ಕೂಗಾಡುವ ಶಕ್ತಿಯೇ ಉಳಿದಿರಲಿಲ್ಲ.

"ಅಷ್ಟು ಜನರ ಎದುರು ನಾನು ಆಣೆ ಹಾಕಿದೆ ಮಾರಾಯ್ರೆ. ಮನೆಯಲ್ಲಿ ಎಲ್ಲ ಬಿಟ್ಟಿದ್ದೇವೆ ಅಂತ," ಎಂದಷ್ಟೇ ಹೇಳಿ ಮಗಳ ಚೀಲ ಎತ್ತಿಕೊಂಡು ಮೆಟ್ಟಿಲಿಳಿದಳು.

ಮರುದಿನ ಯಕ್ಷಿತಾ ಬಂದು ಕೂತಾಗ ಟೇಬಲ್ಲು ಬರಿದಾಗಿತ್ತು. ಸೀನ ಏಪ್ರನ್ ಬಿಚ್ಚಿ, ಕೂದಲು ಬಾಚಿ, ಕೈ ಎಲ್ಲಿಡಬೇಕೆಂದು ತಿಳಿಯದೆ ಎದುರು ನಿಂತಿದ್ದ.

"ಆಜ್ ನಹೀ ಹೈ?"

"ಇಲ್ಲ ಮಗಾ. ಬಾ, ಸ್ವಲ್ಪ ಹೊರಗೆ ಹೋಗಿ ಬರುವ."

ಅವಳು ಅಟ್ಟದ ಏಣಿಯ ಕಡೆ ನೋಡಿದಳು. "ನೀವು ಮಲಗುದಿಲ್ವಾ?"

"ಇಲ್ಲ," ಎಂದ. ಹೇಳುವಾಗಲೇ ಆಕಳಿಕೆ ಬಂತು.

ಆಟೋಗಳ ನಡುವೆ ದಾರಿ ಮಾಡಿಕೊಂಡು ಇಬ್ಬರೂ ಏರು ರಸ್ತೆ ಹತ್ತಿದರು. ಹುಡುಗಿಗೆ ಏದುಸಿರು, ಅವನಿಗೆ ಮಂಡಿನೋವು. ಎರಡು ಸಲ ನಿಂತು ಹೋದರೆ ಮುನಿಸಿಪಾಲ್ಟಿ ಗಾರ್ಡನ್ನಿನ ಗೇಟಿಗೆ ಬೀಗ. ಮಧ್ಯಾಹ್ನದ ಹೊತ್ತು ಅದನ್ನು ಮುಚ್ಚುತ್ತಾರೆ ಎಂಬುದು ಇಷ್ಟು ವರ್ಷ ಪಕ್ಕದಲ್ಲೇ ದುಡಿದ ಸೀನನಿಗೆ ಗೊತ್ತೇ ಇರಲಿಲ್ಲ. ಗೇಟಿನ ಹೊರಗೆ ಸಿಮೆಂಟಿನ ಬೆಂಚೊಂದಿತ್ತು. ಅದರಲ್ಲೇ ಕೂತರು.

"ಶಾಲೆಯಲ್ಲಿ ಎಂತ ಕಲಿಸಿದ್ರು?"

"ಕುಛ್ ನಹೀ."

ಮುಂದೆ ಏನು ಕೇಳಬೇಕು? ಹೇಗುಂಟು ಎಂದು ಕೇಳಲು ಏನೂ ಇರಲಿಲ್ಲ, ಇನ್ನು ನಾಲ್ಕು ತರಲಾ ಎನ್ನಲು ಏನೂ ಇರಲಿಲ್ಲ. ಗಂಡಸು ಪೇಚಿಗೆ ಬಿದ್ದು ಎದುರಿನ ಅಂಗಡಿಯ ಬೋರ್ಡನ್ನು ಮೂರು ಸಲ ಓದಿದ.

"ನಿನ್ನ ದೋಸ್ತಿ ಯಾರು ಮಗಾ, ಶಾಲೆಯಲ್ಲಿ?"

ಅವಳು ಅನುಮಾನದಿಂದ ನೋಡಿದಳು. ಆಮೇಲೆ ಹೇಳಿದಳು. ಸೋನಾಲಿ ಎಂಬ ಹುಡುಗಿ. ತುಂಬ ಜೋರಾಗಿ ಓಡುತ್ತಾಳೆ. ಪಿಟಿ ಪೀರಿಯಡ್ಡಿನಲ್ಲಿ ಎಲ್ಲರೂ ಓಡುವಾಗ ಯಕ್ಷಿತಾ ಅವಳ ನೀರಿನ ಬಾಟಲಿ ಹಿಡಿದು ನಿಂತಿರುತ್ತಾಳೆ. ಉಳಿದ ಹುಡುಗಿಯರು ಇವಳನ್ನು 'ಟೆಂಪೋ' ಅಂತ ಕರೆಯುತ್ತಾರೆ, ಸೋನಾಲಿ ಮಾತ್ರ ಹೆಸರು ಹಿಡಿದು ಕರೆಯುತ್ತಾಳೆ. ಇನ್ನೂ ಕೇಳಬೇಕು, ಎಲ್ಲ ಕೇಳಬೇಕು ಎಂದು ಸೀನನಿಗೆ ತುಂಬ ಆಸೆಯಾಯಿತು. "ಹೂಂ... ಮತ್ತೆ?" ಎಂದ. ಅವಳು ಹೇಳುತ್ತಾ ಹೋದಳು, ಹಿಂದಿಯಲ್ಲಿ, ಕನ್ನಡದಲ್ಲಿ, ಕೈ ಆಡಿಸುತ್ತಾ. ಬೆಳಗಿನಿಂದ ನಿಂತಿದ್ದ ಮೈ ಬೆಂಚಿಗೆ ಒರಗಿದ್ದೇ ಸಾಕಾಯಿತು. ಅವನ "ಮತ್ತೆ?"ಗಳು ಸಣ್ಣಗಾದವು, ಕೊನೆಗೊಂದು ಬಾಯಲ್ಲೇ ಉಳಿಯಿತು.

ಎಚ್ಚರಾದಾಗ ಮೊಣಕಾಲು ಸುಡುತ್ತಿತ್ತು. ಸೂರ್ಯ ಕಟ್ಟಡಗಳ ಸಂದಿನಿಂದ ನೇರ ಬೆಂಚಿಗೆ ಹೊಡೆಯುತ್ತಿದ್ದ. ಅಯ್ಯೋ, ಮಾತು ಕೇಳುತ್ತಾ ನಿದ್ದೆ ಹೋದೆನಲ್ಲ ಎಂದು ನಾಚಿಕೆಯಿಂದ ಪಕ್ಕಕ್ಕೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಗಾಬರಿಯಿಂದ ತಲೆಯೆತ್ತಿದ.

ಅವಳು ಅವನ ಎದುರಿಗೇ ನಿಂತಿದ್ದಳು. ರಸ್ತೆಗೆ ಬೆನ್ನು, ಬೆನ್ನಿಗೆ ಶಾಲೆಯ ಚೀಲ. ಮುಖ ಕೆಂಪಗಾಗಿತ್ತು, ಬೆವರು ಕತ್ತಿನ ಗೆರೆಗಳಲ್ಲಿ ಇಳಿಯುತ್ತಿತ್ತು.

"ಎಂತಕ್ಕೆ ನಿಂತದ್ದು ಮಗಾ? ಕೂತ್ಕೊ, ಕಾಲು ನೋಯ್ತದೆ."

"ನಿಮ್ಮ ಮುಖಕ್ಕೆ ಬಿಸಿಲು ಬರ್ತಿತ್ತು," ಎಂದಳು.

ಅವನು ಅವಳಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದ. ಅಷ್ಟರಲ್ಲಿ ಅವಳು ತನ್ನ ಹಿಂದಿನ ಸೂರ್ಯನನ್ನೊಮ್ಮೆ ತಿರುಗಿ ನೋಡಿ, ಒಂದು ಹೆಜ್ಜೆ ಬಲಕ್ಕೆ ಸರಿದು, ಕೈಗಳೆರಡನ್ನೂ ಸೊಂಟಕ್ಕಿಟ್ಟು ನಿಂತಳು. ನೆರಳು ಅವನ ಮುಖ ದಾಟಿ ಹೆಗಲಿನ ತನಕ ಬಂತು.