ಓರಗಿತ್ತಿಯ ಚಾಡಿ

ಇರಿಂಜಾಲಕುಡದ ಕುಂಜನ್ನಮ್ಮನ ಹೊಟ್ಟೆಕಿಚ್ಚಿನಲ್ಲಿ ಇಡೀ ತ್ರಿಶೂರು ಜಿಲ್ಲೆಗೆ ಗಂಜಿ ಬೇಯಿಸಬಹುದಿತ್ತು. ಸೌದೆಯೇ ಬೇಕಿರಲಿಲ್ಲ. ಕಾರಣ ಓರಗಿತ್ತಿ ರೋಸಿಲಿ.

ರೋಸಿಲಿಯ ಸ್ತನ ಕ್ಯಾನ್ಸರ್ ಈಗ ಮೂಳೆಗೂ ಹರಡಿತ್ತು. ಅಂದಿನಿಂದ ಮೀನಿನ ದೊಡ್ಡ ತುಂಡು ಅವಳಿಗೆ, ಗಾಳಿ ಬರುವ ಕಿಟಕಿ ಅವಳಿಗೆ, ಅತ್ತೆ ಅಮ್ಮಚ್ಚಿಯ ಪ್ರಾರ್ಥನೆಯೂ ಅವಳಿಗೇ. ಎರಡು ವಾರದ ಹಿಂದೆ ಕುವೈತಿನಿಂದ ರೋಸಿಲಿಯ ತಂಗಿ ಕುಂಬಳಕಾಯಿಯಷ್ಟು ದೊಡ್ಡ ಕ್ಯಾಲ್ಸಿಯಂ ಮಾತ್ರೆಯ ಡಬ್ಬಿ ಕಳಿಸಿದ್ದಳು. "ಮೂಳೆ ನೋವಲ್ವಾ, ಗಟ್ಟಿಯಾಗ್ಲಿ" ಎಂದು ಅಮ್ಮಚ್ಚಿ ದಿನವೂ ನುಂಗಿಸುತ್ತಿದ್ದಳು. ಹದಿನೆಂಟು ವರ್ಷದಿಂದ ಮಂಡಿ ನೋಯುತ್ತಿದ್ದ ಕುಂಜನ್ನಮ್ಮನಿಗೆ ಯಾರೂ ಅರ್ಧ ಮಾತ್ರೆಯನ್ನೂ ಕಳಿಸಿರಲಿಲ್ಲ.

ಬುಧವಾರ ಬೆಳಿಗ್ಗೆ, ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸ್, ಸಿಸ್ಟರ್ ಷೈಲಜ ಬಂದರು. ರೋಸಿಲಿ ಎಚ್ಚರವೇ ಇಲ್ಲದಂತೆ ತೂಕಡಿಸುತ್ತಿದ್ದಳು.

"ರೋಸಿಲಿ ಹೇಗಿದ್ದಾಳೆ, ಅಮ್ಮಚ್ಚಿ?"

"ಏನೂ ಇಲ್ಲ ಮಗಳೇ, ಸ್ವಲ್ಪ ಸುಸ್ತು. ಈ ಕಾಯಿಲೆಗೆ ಅದು ಇದ್ದದ್ದೇ."

ಮೀನು ಹೆಚ್ಚುತ್ತಿದ್ದ ಕುಂಜನ್ನಮ್ಮ ಕತ್ತಿ ಹಿಡಿದೇ ಹೊರಬಂದಳು.

"ನನ್ನ ಕೇಳಿ ಸಿಸ್ಟರ್. ಜೀರಿಗೆ ನೀರು ಕಾಯಿಸಿ ಕಾಯಿಸಿ ನಮ್ಮ ಬಾವಿ ತಳ ಕಾಣ್ತಿದೆ. ಎಷ್ಟು ಕುಡಿದ್ರೂ ಇವಳಿಗೆ ಬಾಯಾರಿಕೆ. ಗಂಟೆಗೊಂದ್ಸಲ ಮೂತ್ರಕ್ಕೆ, ಹಿಡ್ಕೊಂಡು ಹೋಗೋಳು ನಾನು. ಹೊಟ್ಟೆ ಮಾತ್ರ ಐದು ದಿನದಿಂದ ಕಟ್ಟಿದೆ. ನನ್ನ ಮೀನು ಸಾರು ನೋಡಿದ್ರೆ ವಾಕರಿಕೆಯಂತೆ. ಹಗಲೆಲ್ಲ ಮಹಾರಾಣಿಗೆ ನಿದ್ದೆ. ನಿನ್ನೆ ನನ್ನನ್ನೇ ಅಮ್ಮಚ್ಚಿ ಅಂದ್ಲು. ನಾನು ಅಷ್ಟು ಮುದುಕಿಯಾ?"

"ಮಲಗಿದವಳ ಮೇಲೂ ಚಾಡಿಯಾ ನಿಂದು?" ಎಂದಳು ಅಮ್ಮಚ್ಚಿ.

ಸಿಸ್ಟರ್ ಆಗಲೇ ಪೆನ್ನು ತೆಗೆದಿದ್ದರು. "ಬೈಬೇಡಿ" ಎಂದು ಅಮ್ಮಚ್ಚಿಗೆ ಹೇಳಿ, ಕುಂಜನ್ನಮ್ಮನನ್ನು ಅಕ್ಕನೆಂದು ಕರೆದರು. "ಚೇಚ್ಚಿ, ಇನ್ನೊಂದ್ಸಲ ಹೇಳಿ, ನಿಧಾನವಾಗಿ."

ಆ ಮನೆಯಲ್ಲಿ ಕುಂಜನ್ನಮ್ಮನ ದೂರನ್ನು ಎರಡನೇ ಸಲ ಕೇಳಿದವರೇ ಇರಲಿಲ್ಲ. ಅವಳ ಕತ್ತಿ ತಾನಾಗಿ ಕೆಳಗಿಳಿಯಿತು.

"ಕ್ಯಾನ್ಸರ್ ಮೂಳೆಗೆ ಹೋದಾಗ ಕೆಲವರಿಗೆ ಮೂಳೆಯ ಸುಣ್ಣ ಕರಗಿ ರಕ್ತಕ್ಕೆ ಇಳಿಯುತ್ತೆ" ಎಂದರು ಸಿಸ್ಟರ್. "ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಾದ್ರೆ ಹೀಗೇ ಆಗೋದು. ಬಿಟ್ರೆ ಪ್ರಜ್ಞೆ ತಪ್ಪಬಹುದು, ಕಿಡ್ನಿ ಕೆಡಬಹುದು, ಜೀವವೂ ಹೋಗಬಹುದು. ಈಗಲೇ ಆಸ್ಪತ್ರೆಗೆ ಹೊರಡೋಣ."

ಅಮ್ಮಚ್ಚಿ ಸಿಸ್ಟರ್ ಕೈ ಹಿಡಿದಳು. "ಕುವೈತಿನಿಂದ ಬಂದ ಡಬ್ಬಿಯ ಕ್ಯಾಲ್ಸಿಯಂ ಮಾತ್ರೆ ದಿನಾ ಕೊಟ್ಟೆ, ಅದರಿಂದ ಆಯ್ತಾ?"

"ಅದರಿಂದಲೇ ಅಂತಲ್ಲ. ಆದ್ರೆ ಡಾಕ್ಟರನ್ನ ಕೇಳದೆ ಕೊಡಬಾರದಿತ್ತು. ಡಬ್ಬಿ ತನ್ನಿ, ಅವರಿಗೆ ತೋರಿಸೋಣ."

ಡಬ್ಬಿ ಮುಕ್ಕಾಲು ಖಾಲಿಯಾಗಿತ್ತು. ಅಮ್ಮಚ್ಚಿ ಕುಂಜನ್ನಮ್ಮನನ್ನು ನೋಡಿದಳು. ಸೊಸೆ ಸೂರು ನೋಡಿದಳು.

"ನನಗೂ ಮಂಡಿ ಇದೆಯಲ್ಲ" ಎಂದಳು ಕುಂಜನ್ನಮ್ಮ.

"ನಿಮ್ಮ ಮಂಡಿಯನ್ನೂ ಡಾಕ್ಟರ್ ನೋಡ್ತಾರೆ. ಹತ್ತಿ ಆಟೋ."

ರಕ್ತ ಪರೀಕ್ಷೆಯಲ್ಲಿ ಸಿಸ್ಟರ್ ಹೇಳಿದ್ದೇ ನಿಜವಾಯಿತು. ಡ್ರಿಪ್ ಹಾಕಿ, ಕ್ಯಾಲ್ಸಿಯಂ ಇಳಿಸುವ ಮದ್ದು ಕೊಟ್ಟರು. ನಾಲ್ಕನೇ ದಿನ ರೋಸಿಲಿ ಕಣ್ಣರಳಿಸಿ ನೋಡಿ, ಕುಂಜನ್ನಮ್ಮ ತಂದ ಮೀನು ಸಾರು ಒಂದು ಗುಟುಕು ಕುಡಿದಳು. ಕ್ಯಾನ್ಸರ್ ಹೋಗಿರಲಿಲ್ಲ, ತಿಳಿವು ಮರಳಿತ್ತು.

"ಕುಂಜನ್ನಮ್ಮ ಚೇಚ್ಚಿ, ನಿಮ್ಮ ಸಾರಿಗೆ ಉಪ್ಪು ಕಮ್ಮಿ."

ಹೆಸರು ಹಿಡಿದು ಬೈಸಿಕೊಂಡ ಕುಂಜನ್ನಮ್ಮ ಸೆರಗಿನಲ್ಲಿ ಮುಖ ಮುಚ್ಚಿ, ಆಸ್ಪತ್ರೆಯ ಮೂರು ಮಹಡಿ ತೋಯುವಷ್ಟು ಅತ್ತಳು.

ಅಕ್ಕತಂಗಿಯರೇ, ನಿಮ್ಮ ಮನೆಯ ಕ್ಯಾನ್ಸರ್ ರೋಗಿಗೆ ಅತಿ ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ವಾಕರಿಕೆ, ವಿಪರೀತ ನಿದ್ದೆ, ಮಾತಿನಲ್ಲಿ ಗೊಂದಲ ಕಂಡರೆ "ಇದ್ದದ್ದೇ" ಎನ್ನಬೇಡಿ. ಅಂದೇ ಡಾಕ್ಟರಿಗೆ ತಿಳಿಸಿ, ರಕ್ತದ ಕ್ಯಾಲ್ಸಿಯಂ ನೋಡಿಸಿ. ಮಾತ್ರೆಗಳನ್ನು ನೀವೇ ಶುರು ಮಾಡಬೇಡಿ. ರೋಗಿಯನ್ನು ಪ್ರೀತಿಯಿಂದ ಗಮನಿಸಿ. ಅಷ್ಟು ಪ್ರೀತಿ ಇಲ್ಲದಿದ್ದರೆ ಹೊಟ್ಟೆಕಿಚ್ಚಿನಿಂದಾದರೂ ಗಮನಿಸಿ.